ಕುರಿಯ ಲೆಕ್ಕ

ನಮ್ಮ ಕೃಷಿ ಕಾಲೇಜಿನಲ್ಲಿ ಪದವಿ ಮುಗಿಸಿ 1988ರಲ್ಲಿ ಒಣಬೇಸಾಯದ ಹೆಚ್ಚಿನ ಓದಿಗೆಂದು ಆಸ್ಟ್ರೇಲಿಯಾದ ವಾಗ ವಾಗ ಊರಿಗೆ ಹೋದೆ. ಗೋಧಿ ಮತ್ತು ಕುರಿಗಳ ಸೀಮೆ ಅದು. ವಾರದ ಕೊನೆಯಲ್ಲಿ ಒಬ್ಬ ಹಿರಿಯ ರೈತರ ಹೊಲಕ್ಕೆ ಕೆಲಸಕ್ಕೆ ಹೋಗುತ್ತಿದ್ದೆ. ನಮ್ಮ ಮೇಷ್ಟರಂತೆಯೇ ಅವರೂ ಮಣ್ಣನ್ನು ಹಿಡಿಯಲ್ಲಿ ಹಿಂಡಿ ನೋಡಿಯೇ ಬಿತ್ತನೆಯ ಮಾತೆತ್ತುತ್ತಿದ್ದರು. ಅವರಿಗೆ ಎಡಗಿವಿ ಕೇಳಿಸುತ್ತಿರಲಿಲ್ಲ.

ಕುರಿಗಳು ಗೇಟು ದಾಟುವಾಗ ಎಣಿಸುವುದು ನಮ್ಮಿಬ್ಬರ ಕೆಲಸ. ನಾನು ಕನ್ನಡದಲ್ಲಿ ಎಣಿಸುತ್ತಿದ್ದೆ. ಅವರ ತುಟಿ ಮಾತ್ರ 'ಇಚಿ, ನಿ, ಸಾನ್, ಶಿ' ಎನ್ನುತ್ತಿತ್ತು. ಒಂದು ದಿನ ಧೈರ್ಯ ಮಾಡಿ ಕೇಳಿದೆ. ಉತ್ತರ ಸಿಗಲು ಎರಡು ಚಳಿಗಾಲ ಹಿಡಿಯಿತು.

ಎರಡನೇ ಮಹಾಯುದ್ಧದಲ್ಲಿ ಅವರು ಆಸ್ಟ್ರೇಲಿಯಾ ಸೇನೆಯ 2/15ನೇ ಫೀಲ್ಡ್ ರೆಜಿಮೆಂಟಿನ ಫಿರಂಗಿ ಸೈನಿಕ. 25 ಪೌಂಡಿನ, ಅಂದರೆ 11 ಕಿಲೋಗ್ರಾಮಿಗೂ ಹೆಚ್ಚು ತೂಕದ ಗುಂಡನ್ನು ಸುಮಾರು 12 ಕಿಲೋಮೀಟರ್ ಆಚೆಗೆ ಎಸೆಯುವ ಫಿರಂಗಿ ಅದು. ಒಂದೊಂದಕ್ಕೆ ಆರು ಜನ. 1942ರ ಜನವರಿಯಲ್ಲಿ ಮಲಯದ (ಈಗಿನ ಮಲೇಷ್ಯಾ) ಮುವಾರ್ ಬಳಿ ಅವರ ಬ್ಯಾಟರಿ, ಎಂದರೆ ಫಿರಂಗಿ ತುಕಡಿ, ಜಪಾನೀಯರ ವಿರುದ್ಧ ಕಾದಾಡಿತು. ಪಕ್ಕದಲ್ಲೇ ನಮ್ಮ 45ನೇ ಭಾರತೀಯ ಬ್ರಿಗೇಡ್ ಇತ್ತು: ರಜಪುತಾನಾ ರೈಫಲ್ಸ್, ಜಾಟರು, ಗಢವಾಲಿಗಳು. ತರಬೇತಿ ಸಾಲದೆ ಕಳುಹಿಸಿದ್ದ ಎಳೆಯ ಹುಡುಗರು. "ಅವರನ್ನು ಹಾಗೆ ತಂದು ನಿಲ್ಲಿಸಬಾರದಿತ್ತು" ಎಂದು ಅವರು ನನ್ನೆದುರು ಹೇಳಿದಾಗ ಆ ದನಿಯಲ್ಲಿದ್ದುದು ಸಿಟ್ಟು. ನನಗೂ ಹಾಗೆಯೇ ಅನ್ನಿಸುತ್ತದೆ.

ಹಿಂದೆ ಸರಿಯುವ ದಾರಿಯಲ್ಲಿದ್ದ ಪಾರಿತ್ ಸುಲೊಂಗ್ ಸೇತುವೆಯನ್ನು ಜಪಾನೀಯರು ಹಿಡಿದಿದ್ದರು. ಜನವರಿ 22ರಂದು ಪಡೆಯ ನಾಯಕ, ಯುದ್ಧಕ್ಕೆ ಮೊದಲು ಆಸ್ಟ್ರೇಲಿಯಾದ ಯಂಗ್ ಊರಿನ ಬಳಿ ಒಕ್ಕಲುತನ ಮಾಡುತ್ತಿದ್ದ ಕರ್ನಲ್ ಆಂಡರ್ಸನ್, ಫಿರಂಗಿಗಳನ್ನೂ ವಾಹನಗಳನ್ನೂ ಕೆಡಿಸಿ, ನಡೆಯಬಲ್ಲವರು ಕಾಡು ಜೌಗುಗಳ ಮೂಲಕ ಪಾರಾಗಿರಿ ಎಂದು ಆಜ್ಞೆ ಕೊಟ್ಟರು. ಸಾಕಿದ ಎತ್ತಿನಂತೆ ನೋಡಿಕೊಂಡ ಫಿರಂಗಿಯನ್ನು ಇವರು ತಾವೇ ಕೆಡಿಸಿದರು. ಗಾಯಾಳುಗಳನ್ನು ಅಲ್ಲೇ ಬಿಡಬೇಕಾಯಿತು. ಸುಮಾರು 110 ಆಸ್ಟ್ರೇಲಿಯನ್ನರನ್ನೂ 40 ಭಾರತೀಯರನ್ನೂ ಜಪಾನೀಯರು ಕೊಂದುಹಾಕಿದರು. ಇಷ್ಟು ಹೇಳಿ ಅವರು ಎದ್ದು ಕೊಟ್ಟಿಗೆಯತ್ತ ಹೋಗಿಬಿಟ್ಟರು.

ಸಿಂಗಪುರ ಫೆಬ್ರುವರಿ 15ರಂದು ಶರಣಾಯಿತು. ಆಮೇಲೆ ಚಾಂಗಿ ಸೆರೆ, ಅಲ್ಲಿಂದ 415 ಕಿಲೋಮೀಟರಿನ ಬರ್ಮಾ–ಥಾಯ್ಲೆಂಡ್ ರೈಲುದಾರಿ ಕಟ್ಟುವ ಬಲವಂತದ ದುಡಿಮೆ. ಹಾಜರಿಯ ಹೊತ್ತಿಗೆ ಕೈದಿಗಳು ಜಪಾನಿ ಭಾಷೆಯಲ್ಲೇ ಎಣಿಕೆ ಹೇಳಬೇಕು, ತಪ್ಪಿದರೆ ಹೊಡೆತ. ಆ ಲೆಕ್ಕ ಕುರಿಗಳವರೆಗೂ ಬಂದಿತ್ತು. ಆ ದಾರಿಯಲ್ಲಿ ಸುಮಾರು 2,800 ಆಸ್ಟ್ರೇಲಿಯನ್ನರು ಸತ್ತರು. ಮಲಯದ ರಬ್ಬರ್ ತೋಟಗಳಿಂದ ಒಯ್ದ ತಮಿಳು ಕೂಲಿಗಳ ಬಗ್ಗೆ ಅವರು ಮತ್ತೆ ಮತ್ತೆ ಹೇಳುತ್ತಿದ್ದರು: "ನಮಗೆ ವೈದ್ಯರಾದರೂ ಇದ್ದರು. ಅವರಿಗೆ ಯಾರೂ ಇರಲಿಲ್ಲ."

1990ರ ಏಪ್ರಿಲ್ 25ರ ನಸುಕಿನಲ್ಲಿ, ಯುದ್ಧಗಳಲ್ಲಿ ಮಡಿದವರನ್ನು ನೆನೆಯುವ ಆನ್ಜ್ಯಾಕ್ ದಿನದಂದು, ಊರಿನ ಸ್ಮಾರಕದ ಬಳಿಗೆ ನನ್ನನ್ನು ಕರೆದೊಯ್ದರು. ಕಹಳೆ ನಿಂತಿತು. ಅವರು ನೆನಪಿನ ಗುರುತಾಗಿ ಕೋಟಿನ ಮೇಲೆ ತೊಟ್ಟಿದ್ದ ರೋಸ್‌ಮೇರಿ ಕಡ್ಡಿಯನ್ನು ಎರಡಾಗಿ ಮುರಿದು ಒಂದನ್ನು ನನ್ನ ಕೈಗಿಟ್ಟು, "ಇದು ನಿಮ್ಮ ಹುಡುಗರಿಗೆ" ಎಂದರು.