ಹಬಲ್

ನಿನ್ನೆ ರಾತ್ರಿ ತುಂಬಾ ಹೊತ್ತು ಪಾಲ್ಮೈರಾದ ಸಮಾಧಿ ಶಿಲ್ಪಗಳ ಫೋಟೋ ನೋಡುತ್ತಾ ಕೂತಿದ್ದೆ. ಸಿರಿಯಾದ ಮರುಭೂಮಿಯ ಹಾಳೂರು ಅದು. ರೋಮನ್ನರ ಕಾಲದಲ್ಲಿ ಒಂಟೆ ಸಾಲುಗಳ ವ್ಯಾಪಾರದಿಂದ ಮೆರೆದ ಊರು.

ಗೋಪುರದಂಥ ಸಮಾಧಿ ಕಟ್ಟಿ, ಒಳಗಿನ ಗೂಡುಗಳಲ್ಲಿ ತೀರಿಕೊಂಡವರನ್ನು ಇಡುತ್ತಿದ್ದರು. ಗೂಡಿನ ಬಾಯಿಗೆ ಸುಣ್ಣಕಲ್ಲಿನ ಚಪ್ಪಡಿ. ಅದರ ಮೇಲೆ ಅವರ ಮುಖ. ಒಬ್ಬಾಕೆ ಕೈಯಲ್ಲಿ ನೂಲುವ ಕದಿರು ಹಿಡಿದಿದ್ದಾಳೆ. ಅಗಲವಾದ ಕಣ್ಣು, ನೇರ ನಮ್ಮನ್ನೇ ನೋಡುತ್ತವೆ. ತಲೆಯ ಪಕ್ಕದಲ್ಲಿ ಅವರ ಅರಾಮಿಕ್ ಲಿಪಿಯಲ್ಲಿ ಹೆಸರು, ಅಪ್ಪನ ಹೆಸರು, ಕೊನೆಗೆ ‘ಹಬಲ್’. ಅಯ್ಯೋ ಅಂತ ಅರ್ಥ. ಅಷ್ಟೇ.

ಆ ಊರಿನ ಬರಾತೆಸ್ ಎಂಬಾತ ದೂರದ ಬ್ರಿಟನ್ನಿನಲ್ಲಿ ಹೆಂಡತಿ ರೆಜಿನಾಗೆ ಸಮಾಧಿ ಕಲ್ಲು ಇಡಿಸಿದ. ಆಕೆಗಿನ್ನೂ 30 ವರ್ಷ. ಲ್ಯಾಟಿನ್ ಸಾಲುಗಳ ಕೆಳಗೆ ತನ್ನ ಭಾಷೆಯಲ್ಲೂ ಒಂದು ಸಾಲು ಕೆತ್ತಿಸಿದ. ಕೊನೆಯಲ್ಲಿ ಅದೇ ಪದ. ಅಲ್ಲಿ ಅದನ್ನು ಓದಬಲ್ಲವರು ಎಷ್ಟು ಜನ ಇದ್ದರೋ! ಆದರೂ ಅವನಿಗೆ ಅದು ಬೇಕಿತ್ತು, ಅಲ್ವಾ?

ಪಾಲ್ಮೈರಾದಲ್ಲಿದ್ದ ಕ್ರಿ.ಶ. 103ರ ಎಲಾಹ್‌ಬೆಲ್ ಸಮಾಧಿ ಗೋಪುರವನ್ನು 2015ರಲ್ಲಿ ಐಸಿಸ್‌ನವರು ಸ್ಫೋಟಿಸಿದರು. ಅದೇ ವರ್ಷ, 40 ವರ್ಷ ಈ ಊರನ್ನು ನೋಡಿಕೊಂಡ ಪುರಾತತ್ವಜ್ಞ ಖಾಲೆದ್ ಅಲ್-ಅಸಾದ್ ಅವರನ್ನೂ ಕೊಂದರು. ಅವರ ಹೆಸರಿನ ಪಕ್ಕದಲ್ಲೂ ಆ ಪದ ಬರೆದಿಡಬೇಕು ಅನ್ನಿಸಿತು.