ಹಳೇ ಗಾಡಿಯ ಬೆಲ್ಟ್ ಯಾಕೆ ಕಿರುಚುತ್ತೆ?

ಬೆಳಿಗ್ಗೆ ಗಾಡಿ ಸ್ಟಾರ್ಟ್ ಮಾಡಿದ ತಕ್ಷಣ ಬಾನೆಟ್ ಒಳಗಿಂದ ಕೀ... ಎಂದು ಕಿವಿ ಕೊರೆಯುವ ಸದ್ದು, ಒಂದೆರಡು ನಿಮಿಷದಲ್ಲಿ ತಾನಾಗಿಯೇ ನಿಂತುಬಿಡುತ್ತೆ. ಆಗ ಹೆಚ್ಚಿನವರು ಬೆಲ್ಟ್ ಮೇಲೆ ಯಾವುದಾದರೂ ಸ್ಪ್ರೇ ಹೊಡೆಯುತ್ತಾರೆ, ಇಲ್ಲವೇ ನೇರವಾಗಿ ಹೊಸ ಬೆಲ್ಟ್ ಹಾಕಿಸುತ್ತಾರೆ. ಸ್ಪ್ರೇ ಹೊಡೆದರೆ ಒಂದೆರಡು ದಿನ ಸುಮ್ಮನಿರುತ್ತೆ, ಹೊಸ ಬೆಲ್ಟ್ ಹಾಕಿದರೆ ಇನ್ನಷ್ಟು ದಿನ. ಆಮೇಲೆ ಮತ್ತೆ ಅದೇ ರಾಗ. ಹಳೇ ಗಾಡಿಯಲ್ಲಿ ಕಿರುಚುವುದು ಬೆಲ್ಟೇ ಆದರೂ, ಅದನ್ನು ಕಿರುಚಿಸುತ್ತಿರುವ ಭಾಗ ಬಹಳಷ್ಟು ಸಲ ಪಕ್ಕದಲ್ಲೆಲ್ಲೋ ಇರುತ್ತೆ. ಅದನ್ನು ಹಿಡಿಯುವ ತನಕ ಪಾನಾ ಕೈಗೆತ್ತಿಕೊಳ್ಳಬೇಡಿ.

ಮೊದಲ ಕೆಲಸ ಕಿವಿಯದು. ಎಳೆದು ಎಳೆದು ಬರುವ ಕೀರಲು ಸದ್ದು ಎಂದರೆ ಬೆಲ್ಟ್ ತಾನು ಸುತ್ತಿಕೊಂಡು ಓಡುವ ಚಕ್ರದ, ಅಂದರೆ ಪುಲ್ಲಿಯ ಮೇಲೆ ಜಾರುತ್ತಿದೆ. ಹಕ್ಕಿ ಕೂಗಿದ ಹಾಗೆ ಚಿಕ್ ಚಿಕ್ ಎಂದು ಬಿಟ್ಟುಬಿಟ್ಟು ಬಂದು, ಇಂಜಿನ್ ವೇಗ ಏರಿದಂತೆ ಕೂಗೂ ಚುರುಕಾದರೆ ಪುಲ್ಲಿಗಳು ಒಂದೇ ಸಾಲಿನಲ್ಲಿಲ್ಲ ಎಂಬ ಅನುಮಾನ ಬರಬೇಕು. ಗರಗರ ಎಂದು ಒಳಗೇ ಏನೋ ಅರೆದ ಹಾಗಿದ್ದರೆ ಅದು ಬೇರಿಂಗ್. ಈ ಮೂರನ್ನೂ ಒಂದೇ ಹೆಸರಿನಲ್ಲಿ 'ಬೆಲ್ಟ್ ಸೌಂಡ್' ಎಂದು ಕರೆಯುವುದರಿಂದಲೇ ಅರ್ಧ ಗೊಂದಲ ಹುಟ್ಟುವುದು.

ಸದ್ದು ಯಾವಾಗ ಬರುತ್ತದೆ ಎಂಬುದನ್ನೂ ಗಮನಿಸಿ. ಬೆಳಗಿನ ಸ್ಟಾರ್ಟ್‌ನಲ್ಲಿ ಸ್ಟಾರ್ಟರ್ ಮೋಟಾರ್ ಬ್ಯಾಟರಿಯಿಂದ ಎಳೆದುಕೊಂಡ ಕರೆಂಟನ್ನು ಆಲ್ಟರ್ನೇಟರ್ (ಬೆಲ್ಟ್‌ನಿಂದ ತಿರುಗಿ ಕರೆಂಟ್ ಹುಟ್ಟಿಸುವ ಭಾಗ) ತಕ್ಷಣ ತುಂಬಿಸಬೇಕು. ಆಗ ಅದು ತಿರುಗಲು ಭಾರವಾಗುತ್ತದೆ, ಸಡಿಲ ಬೆಲ್ಟ್ ಜಾರುತ್ತದೆ. ಬ್ಯಾಟರಿ ಸುಸ್ತಾಗಿದ್ದರೆ ಈ ಭಾರ ಇನ್ನೂ ಹೊತ್ತು ಇರುತ್ತೆ, ಕಿರುಚಾಟವೂ ಅಷ್ಟು ಹೊತ್ತು ಎಳೆಯುತ್ತೆ. ಇದನ್ನು ನಾವಾಗಿಯೇ ಮರುಕಳಿಸಬಹುದು. ಗಾಡಿ ಐಡಲ್‌ನಲ್ಲಿರುವಾಗ ಹೆಡ್‌ಲೈಟ್, ಬ್ಲೋವರ್, ಹಿಂದಿನ ಗಾಜಿನ ಹೀಟರ್ ಎಲ್ಲವನ್ನೂ ಒಟ್ಟಿಗೆ ಹಾಕಿ. ಸದ್ದು ಎದ್ದರೆ ಆಲ್ಟರ್ನೇಟರ್ ಕಡೆಯ ಬೆಲ್ಟ್ ಜಾರುತ್ತಿದೆ. ಸ್ಟೀರಿಂಗನ್ನು ಕೊನೆಯವರೆಗೆ ತಿರುಗಿಸಿದಾಗ ಎದ್ದರೆ ಪವರ್ ಸ್ಟೀರಿಂಗ್ ಪಂಪ್ ಕಡೆ ನೋಡಿ (ಹಾಗೆ 5 ಸೆಕೆಂಡ್‌ಗಿಂತ ಹೆಚ್ಚು ಹಿಡಿದಿಡಬೇಡಿ, ಪಂಪ್ ಬಿಸಿಯಾಗುತ್ತೆ). ಎಸಿ ಹಾಕಿದ ಕ್ಷಣಕ್ಕೆ ಸರಿಯಾಗಿ ಎದ್ದರೆ ಕಂಪ್ರೆಸರ್. ಒಂದೊಂದಕ್ಕೂ ಬೇರೆ ಬೇರೆ ವಿ ಬೆಲ್ಟ್ (ಅಡ್ಡ ಕೊಯ್ದರೆ V ಆಕಾರ ಕಾಣುವಂಥದ್ದು) ಇರುವ ಹಳೇ ಇಂಜಿನ್‌ಗಳಲ್ಲಿ ಇಷ್ಟು ಮಾಡಿದರೆ ಯಾವ ಬೆಲ್ಟ್ ಎಂಬುದು ಗೊತ್ತಾಗಿಬಿಡುತ್ತೆ. ಎಲ್ಲವನ್ನೂ ಒಂದೇ ಉದ್ದನೆಯ ಗೆರೆಬೆಲ್ಟ್ (ಒಳಬದಿಯಲ್ಲಿ ಉದ್ದಕ್ಕೂ ಗೆರೆಗಳಂಥ ಏಣುಗಳಿರುವ ಚಪ್ಪಟೆ ಬೆಲ್ಟ್) ತಿರುಗಿಸುವ ಇಂಜಿನ್‌ಗಳಲ್ಲಿ ಇನ್ನೂ ಹುಡುಕಬೇಕು.

ಅಲ್ಲಿ ಕೈಹಿಡಿಯುವುದು ನೀರಿನ ಪರೀಕ್ಷೆ. ನನಗೆ ಗೊತ್ತಿರುವ ಮಟ್ಟಿಗೆ ಇದಕ್ಕಿಂತ ಅಗ್ಗದ, ಇದಕ್ಕಿಂತ ನಿಚ್ಚಳವಾದ ಪರೀಕ್ಷೆ ಇನ್ನೊಂದಿಲ್ಲ. ಗಿಡಕ್ಕೆ ನೀರು ಚಿಮುಕಿಸುವ ಬಾಟಲಿಯಲ್ಲಿ ಬರೀ ನೀರು ತುಂಬಿ. ತೋಳು ಮಡಚಿ, ಸಡಿಲ ಬಟ್ಟೆ, ಸರ, ಕೂದಲು ಯಾವುದೂ ತೂಗಾಡದ ಹಾಗೆ ನೋಡಿಕೊಳ್ಳಿ. ಇಂಜಿನ್ ಓಡುತ್ತಾ ಸದ್ದು ಬರುತ್ತಿರುವಾಗ ಬೆಲ್ಟ್‌ನ ಗೆರೆಗಳಿರುವ ಒಳಬದಿಗೆ ಎರಡು ಸಲ ಚಿಮುಕಿಸಿ ಕಿವಿಗೊಡಿ. ಸದ್ದು ಇನ್ನೂ ಜೋರಾದರೆ ಬೆಲ್ಟ್‌ನ ಬಿಗಿ ಸಾಲದು: ಮೊದಲೇ ಜಾರುತ್ತಿದ್ದ ಬೆಲ್ಟ್ ನೀರು ತಾಗಿ ಇನ್ನಷ್ಟು ಜಾರಿತು. ಸದ್ದು ತಟ್ಟನೆ ನಿಂತು, ನೀರು ಆರಿದ ಮೇಲೆ ಮತ್ತೆ ಶುರುವಾದರೆ ಪುಲ್ಲಿ ಸಾಲು ತಪ್ಪಿದೆ. ಓರೆಯಾಗಿ ಬಂದ ಬೆಲ್ಟ್ ಪುಲ್ಲಿಯ ತೋಡುಗಳಿಗೆ ಉಜ್ಜಿಕೊಂಡು ಇಳಿಯುವಾಗ ಹುಟ್ಟುತ್ತಿದ್ದ ಚಿಕ್ ಶಬ್ದಕ್ಕೆ ನೀರು ಸ್ವಲ್ಪ ಹೊತ್ತು ಎಣ್ಣೆಯಂತೆ ಕೆಲಸ ಮಾಡುತ್ತೆ. ನೀರು ಹಾಕಿದರೂ ಏನೂ ಬದಲಾಗದಿದ್ದರೆ ಬೇರಿಂಗ್ ಕಡೆ ತಿರುಗಿ.

ಇನ್ನು ಇಂಜಿನ್ ಆಫ್ ಮಾಡಿ, ಕೀ ತೆಗೆದು, ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚಿ. ಎಲೆಕ್ಟ್ರಿಕ್ ಫ್ಯಾನ್ ಇರುವ ಗಾಡಿಗಳಲ್ಲಿ ಕೀ ತೆಗೆದ ಮೇಲೂ ಅದು ತಿರುಗುವುದುಂಟು. ಆಲ್ಟರ್ನೇಟರ್‌ನ ಟರ್ಮಿನಲ್‌ಗೆ ಪಾನಾ ತಾಗಿ ಕಿಡಿ ಹಾರುವ ಭಯವೂ ಇದರಿಂದ ತಪ್ಪುತ್ತೆ.

ವಿ ಬೆಲ್ಟ್ ಆದರೆ ಎರಡು ಪುಲ್ಲಿಗಳ ನಡುವಿನ ಅತಿ ಉದ್ದದ ಜಾಗದಲ್ಲಿ ಹೆಬ್ಬೆರಳಿನಿಂದ ಗಟ್ಟಿಯಾಗಿ, ಸುಮಾರು 10 ಕಿಲೋ ಭಾರದಷ್ಟು ಒತ್ತಿ. ಸಾಮಾನ್ಯವಾಗಿ 10ರಿಂದ 12 ಮಿಲಿಮೀಟರ್ ತಗ್ಗಬೇಕು; ಗಾಡಿಯ ಮ್ಯಾನುಯಲ್‌ನಲ್ಲಿ ಬೇರೆ ಅಳತೆ ಇದ್ದರೆ ಅದೇ ಸರಿ. ಆಮೇಲೆ ಟಾರ್ಚ್ ಹಿಡಿದು ಬೆಲ್ಟ್ ಪುಲ್ಲಿಯಲ್ಲಿ ಹೇಗೆ ಕೂತಿದೆ ನೋಡಿ. ವಿ ಬೆಲ್ಟ್ ಹಿಡಿಯುವುದು ಎರಡು ಪಕ್ಕಗಳಿಂದ ಮಾತ್ರ, ತಳದಿಂದಲ್ಲ. ಪುಲ್ಲಿಯ ತಳ ಕನ್ನಡಿಯಂತೆ ಹೊಳೆಯುತ್ತಿದೆಯೇ? ಹಾಗಾದರೆ ಸವೆದು ತೆಳ್ಳಗಾದ ಬೆಲ್ಟ್ ಕೆಳಗಿಳಿದು ತಳಕ್ಕೆ ಮುಟ್ಟಿದೆ. ಪುಲ್ಲಿಯ ಪಕ್ಕಗಳೇ ಸವೆದು ಒಳಬಾಗಿದ್ದರೂ ಹೀಗೇ ಆಗುತ್ತೆ. ಇಂಥದ್ದನ್ನು ಎಷ್ಟು ಬಿಗಿ ಮಾಡಿದರೂ ಉಪಯೋಗವಿಲ್ಲ, ಪಕ್ಕದ ಹಿಡಿತ ಆಗಲೇ ಹೋಗಿದೆ. ಬೆಲ್ಟ್‌ನ ಪಕ್ಕವನ್ನು ಉಗುರಿನಿಂದ ಕೆರೆದು ನೋಡಿ. ಒಳ್ಳೆಯ ರಬ್ಬರ್ ಮಂಕಾಗಿ, ಸ್ವಲ್ಪ ದೊರಗಾಗಿರುತ್ತೆ. ಜಾರಿ ಜಾರಿ ಬೆಂದ ಬೆಲ್ಟ್ ಗಾಜಿನಂತೆ ನುಣುಪಾಗಿ ಗಡುಸಾಗಿರುತ್ತೆ, ಉಗುರು ಜಾರುತ್ತೆ. ಅದು ಮತ್ತೆ ಹಿಡಿಯುವುದಿಲ್ಲ.

ಗೆರೆಬೆಲ್ಟ್‌ನಲ್ಲಿ ಬಿರುಕು ಹುಡುಕುವುದು ಹಳೇ ಅಭ್ಯಾಸ. ನಿಯೋಪ್ರೀನ್ ರಬ್ಬರ್‌ನ ಕಾಲಕ್ಕೆ ಅದು ಸರಿಯಿತ್ತು. ಈಗಿನ ಇಪಿಡಿಎಂ ರಬ್ಬರ್ ಬೆಲ್ಟ್‌ಗಳು ಅಷ್ಟು ಸುಲಭವಾಗಿ ಬಿರಿಯುವುದಿಲ್ಲ, ಟಯರ್ ಹಾಗೆ ಸವೆಯುತ್ತವೆ. ನೋಡಲು ಚೆನ್ನಾಗಿಯೇ ಕಾಣುವ ಬೆಲ್ಟ್‌ನಲ್ಲಿ ಗೆರೆಗಳ ನಡುವಿನ ತಗ್ಗು ಅಗಲವಾಗಿ, ಪುಲ್ಲಿಯ ಏಣುಗಳು ತಗ್ಗಿನ ತಳಕ್ಕೇ ತಾಗುತ್ತಿರಬಹುದು. ಆಗ ಬೆಣೆಯಂತೆ ಸಿಕ್ಕಿಕೊಳ್ಳುವ ಹಿಡಿತ ಹೋಗಿ ಬೆಲ್ಟ್ ಮೇಲೆ ಮೇಲೆ ತೇಲುತ್ತೆ. ಅದೇ ನಂಬರ್‌ನ ಹೊಸ ಬೆಲ್ಟ್ ಪಕ್ಕದಲ್ಲಿಟ್ಟು ಹೋಲಿಸಿದರೆ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತೆ.

ಪುಲ್ಲಿಗಳ ಸಾಲು ನೋಡಲು ನೇರವಾದ ಒಂದು ಸ್ಟೀಲ್ ಪಟ್ಟಿ ಸಾಕು. ಎರಡು ಪುಲ್ಲಿಗಳ ಮುಖಕ್ಕೆ ಹಿಡಿದರೆ 300 ಮಿಲಿಮೀಟರ್ ದೂರಕ್ಕೆ 1.5 ಮಿಲಿಮೀಟರ್‌ಗಿಂತ ಹೆಚ್ಚು ವ್ಯತ್ಯಾಸ ಇರಬಾರದು. ಪುಲ್ಲಿಗಳ ಅಂಚಿನ ದಪ್ಪ ಒಂದೇ ಇಲ್ಲದಿದ್ದರೆ ತೋಡಿನಿಂದ ತೋಡಿಗೆ ಅಳೆಯಬೇಕು. ಹಳೇ ಗಾಡಿಯಲ್ಲಿ ಸಾಲು ತಪ್ಪಲು ಕಾರಣಗಳು ಬಹಳ: ಆಲ್ಟರ್ನೇಟರ್ ಬ್ರಾಕೆಟ್‌ನ ಬುಷ್ ಸವೆದಿರುವುದು, ಹಿಂದೆ ಯಾರೋ ಬಿಚ್ಚಿದಾಗ ಒಂದು ವಾಷರ್ ತಪ್ಪಿಹೋಗಿರುವುದು, ಬೆಲ್ಟನ್ನು ಬಿಗಿಯಾಗಿಡುವ ಟೆನ್ಷನರ್‌ನ ತೋಳು ತನ್ನ ಬುಷ್‌ನಲ್ಲೇ ವಾಲಿರುವುದು. ಬೆಲ್ಟ್ ಟೆನ್ಷನರ್ ಚಕ್ರದ ಮಧ್ಯ ಬಿಟ್ಟು ಅಂಚಿಗೆ ಸರಿದು ಓಡುತ್ತಿದ್ದರೆ ಆ ವಾಲಿಕೆಯ ಗುರುತು ಅದೇ.

ಎಲ್ಲರ ಕಣ್ಣು ತಪ್ಪಿಸುವುದು ಕ್ರ್ಯಾಂಕ್ ಪುಲ್ಲಿ, ಅಂದರೆ ಇಂಜಿನ್ ನೇರವಾಗಿ ತಿರುಗಿಸುವ, ಬೆಲ್ಟನ್ನು ಓಡಿಸುವ ಪುಲ್ಲಿ. ಬಹಳಷ್ಟು ಇಂಜಿನ್‌ಗಳಲ್ಲಿ ಅದು ಒಂದೇ ತುಂಡಲ್ಲ. ಒಳಗಿನ ಹಬ್, ಹೊರಗಿನ ಬಳೆ, ನಡುವೆ ರಬ್ಬರ್. ವರ್ಷಗಳ ಬಿಸಿಗೆ ಆ ರಬ್ಬರ್ ಬಿಟ್ಟುಕೊಂಡರೆ ಹೊರಬಳೆ ಹಬ್ ಮೇಲೆ ಜಾರುತ್ತೆ ಅಥವಾ ಓರೆಯಾಗಿ ತಿರುಗುತ್ತೆ. ಹಬ್‌ನಿಂದ ಬಳೆಯವರೆಗೆ ರಬ್ಬರ್ ದಾಟಿ ಒಂದು ನೇರ ಗೆರೆಯನ್ನು ಬಿಳಿ ಪೇಂಟ್‌ನಲ್ಲಿ ಎಳೆದು, ಬ್ಯಾಟರಿ ವೈರ್ ಮತ್ತೆ ಜೋಡಿಸಿ ಗಾಡಿ ಓಡಿಸಿ ಬನ್ನಿ. ಗೆರೆ ಮುರಿದು ಎರಡಾಗಿದ್ದರೆ ಪುಲ್ಲಿ ಬದಲಿಸಲೇಬೇಕು. ಇದನ್ನು ಮುಂದೂಡಬೇಡಿ, ಬಳೆ ಕಳಚಿ ಹಾರಿದರೆ ಅಕ್ಕಪಕ್ಕದ ಪೈಪುಗಳನ್ನೂ ಹರಿಯುತ್ತೆ.

ಸ್ಪ್ರಿಂಗ್ ಟೆನ್ಷನರ್ ಇದ್ದರೆ ಐಡಲ್‌ನಲ್ಲಿ ಅದರ ತೋಳು ನೋಡಿ. ಸಣ್ಣ ನಡುಕ ಸಹಜ. ಬಡಬಡ ಕುಣಿಯುತ್ತಿದ್ದರೆ ಟೆನ್ಷನರ್ ಸತ್ತಿದೆ, ಇಲ್ಲವೇ ಆಲ್ಟರ್ನೇಟರ್‌ನ ಒಂದೇ ದಿಕ್ಕಿಗೆ ಹಿಡಿಯುವ ಪುಲ್ಲಿ ಜಾಮ್ ಆಗಿದೆ. ಅಂಥ ಪುಲ್ಲಿ ಒಂದು ಕಡೆಗೆ ಸಲೀಸಾಗಿ ತಿರುಗಿ, ಇನ್ನೊಂದು ಕಡೆಗೆ ಆಲ್ಟರ್ನೇಟರನ್ನೂ ಸೇರಿಸಿ ತಿರುಗಿಸಬೇಕು.

ಬೇರಿಂಗ್ ಪರೀಕ್ಷೆಗೆ ಬೆಲ್ಟ್ ಬಿಚ್ಚಿ. ಬಿಚ್ಚುವ ಮೊದಲು ಅದು ಸುತ್ತಿಕೊಂಡಿರುವ ದಾರಿಯ ಫೋಟೋ ತೆಗೆದಿಡಿ. ಬೆಲ್ಟ್ ಇಲ್ಲದೆ ಇಂಜಿನ್ ಅರ್ಧ ನಿಮಿಷ ಓಡಿಸಿ: ಸದ್ದು ಉಳಿದರೆ ಅದು ಬೆಲ್ಟ್ ತಿರುಗಿಸುವ ಯಾವುದರದ್ದೂ ಅಲ್ಲ. ಅದಕ್ಕಿಂತ ಹೆಚ್ಚು ಓಡಿಸಬೇಡಿ, ವಾಟರ್ ಪಂಪ್ ನಿಂತಿರುತ್ತೆ. ಆಫ್ ಮಾಡಿ ಒಂದೊಂದೇ ಪುಲ್ಲಿಯನ್ನು ಕೈಯಲ್ಲಿ ತಿರುಗಿಸಿ, ಹಿಡಿದು ಅಲ್ಲಾಡಿಸಿ. ಮರಳು ಸಿಕ್ಕ ಹಾಗೆ ಕರಕರ ಎಂದರೆ, ಅಥವಾ ಅಲುಗಾಡಿದರೆ ಕಳ್ಳ ಸಿಕ್ಕಿದ. ಗ್ರೀಸ್ ಒಣಗಿದ ಐಡ್ಲರ್ ಚಕ್ರ (ಬೆಲ್ಟ್‌ಗೆ ದಾರಿ ತೋರಿಸುವುದಷ್ಟೇ ಇದರ ಕೆಲಸ) ಅಡ್ಡಿಯೇ ಇಲ್ಲದೆ ಬಹಳ ಹೊತ್ತು ಗರಗರ ಸುತ್ತುತ್ತಲೇ ಇರುತ್ತೆ, ಅದೂ ಕೆಟ್ಟದ್ದೇ. ವಾಟರ್ ಪಂಪ್‌ನ ಕೆಳಗಿನ ಸಣ್ಣ ತೂತಿನ ಸುತ್ತ ಕೂಲೆಂಟ್ ಕರೆ ಕಂಡರೆ ಅದರ ಸೀಲ್ ಹೋಗಿದೆ. ಬೆಲ್ಟ್‌ಗೆ ಹನಿ ತಾಗಿ ಕಿರುಚಿಸುತ್ತಿರುವುದೂ ಬಹುಶಃ ಅದೇ.

ಕೂಲೆಂಟ್, ಇಂಜಿನ್ ಆಯಿಲ್, ಸ್ಟೀರಿಂಗ್ ಆಯಿಲ್ ಯಾವುದು ಬಿದ್ದರೂ ಮೊದಲು ಸೋರಿಕೆ ನಿಲ್ಲಿಸಿ, ಪುಲ್ಲಿಗಳನ್ನು ಬ್ರೇಕ್ ಕ್ಲೀನರ್‌ನಿಂದ ಒರೆಸಿ ಒಣಗಿಸಿ, ಆಮೇಲೆ ಹೊಸ ಬೆಲ್ಟ್. ಎಣ್ಣೆ ಕುಡಿದ ರಬ್ಬರ್ ತೊಳೆದರೂ ಮೊದಲಿನಂತಾಗುವುದಿಲ್ಲ. ಗೆರೆಬೆಲ್ಟ್‌ಗೆ ಬೆಲ್ಟ್ ಡ್ರೆಸ್ಸಿಂಗ್ ಸ್ಪ್ರೇ ಹೊಡೆಯುವುದನ್ನು ನಾನು ಒಪ್ಪುವುದೇ ಇಲ್ಲ: ಅಂಟು ಧೂಳು ಹಿಡಿಯುತ್ತೆ, ಧೂಳು ಗೆರೆ ತಿನ್ನುತ್ತೆ, ಅಸಲಿ ರೋಗ ಅಡಗಿಕೊಳ್ಳುತ್ತೆ.

ಹೊಸ ಬೆಲ್ಟ್ ಕೊಳ್ಳುವಾಗ ಹಳೆಯದರ ಬೆನ್ನ ಮೇಲಿನ ನಂಬರ್ ಓದಿ. 6ಪಿಕೆ1230 ಎಂದರೆ 6 ಗೆರೆ, 1230 ಮಿಲಿಮೀಟರ್ ಉದ್ದ. ಹಿಂದಿನವರು ತಪ್ಪು ಬೆಲ್ಟ್ ಹಾಕಿರಬಹುದು, ಹಾಗಾಗಿ ಮ್ಯಾನುಯಲ್ ಜೊತೆ ತಾಳೆ ನೋಡಿ. ಹಾಕಿದ ಮೇಲೆ ಪ್ರತಿ ಪುಲ್ಲಿಯ ಅಂಚಿನಲ್ಲೂ ಬೆರಳಾಡಿಸಿ; ಒಂದೇ ಒಂದು ಗೆರೆ ಆಚೆ ಕೂತರೂ ಬೆಲ್ಟ್ ಬೇಗನೆ ಹರಿದುಹೋಗುತ್ತೆ.

ಕೈಯಿಂದ ಬಿಗಿ ಮಾಡುವ ವಿ ಬೆಲ್ಟ್‌ನಲ್ಲಿ ಸದ್ದು ಅಡಗಲಿ ಎಂದು ಸಬ್ಬಲ್ ಹಾಕಿ ಮೀಟಿ ಎಳೆಯುವವರಿದ್ದಾರೆ. ಆ ಎಳೆತ ಬೀಳುವುದು ಆಲ್ಟರ್ನೇಟರ್ ಮತ್ತು ವಾಟರ್ ಪಂಪ್‌ನ ಬೇರಿಂಗ್ ಮೇಲೆ, ಸಾಯುವುದು ಅವೇ. ಅಳತೆಗೆ ಬಿಗಿದು, 10–15 ನಿಮಿಷ ಓಡಿಸಿ, ಇಂಜಿನ್ ತಣ್ಣಗಾದ ಮೇಲೆ ಇನ್ನೊಮ್ಮೆ ಒತ್ತಿ ನೋಡಿ. ಹೊಸ ಬೆಲ್ಟ್ ಪುಲ್ಲಿಗೆ ಕೂರುತ್ತಾ ಸ್ವಲ್ಪ ಸಡಿಲವಾಗಿರುತ್ತೆ, ಸರಿಮಾಡಿ. ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ ನೋಡಿ.