ಮೂಟೆಯ ಕೆಳಗಿನ ರಟ್ಟು

ಬೆಳಿಗ್ಗೆ ಬದಿಯಡ್ಕ ಪೇಟೆಗೆ ಕುಚ್ಚಲಕ್ಕಿ ತರಲು ಹೋಗಿದ್ದೆ. ಅಂಗಡಿಯವರು ಮೂಟೆ ಎಳೆದಾಗ ಕೆಳಗಿನಿಂದ ಅಂಗೈಯಗಲದ ಒಂದು ರಟ್ಟು ಬಂತು. ಸಾಬೂನಿನ ಪೆಟ್ಟಿಗೆಯಿಂದ ಕತ್ತರಿಸಿದ್ದು. ಮೂಲೆಗಳು ಸವೆದು ಮೆತ್ತಗಾಗಿವೆ. ನೀಲಿ ಪೆನ್ನಿನಲ್ಲಿ 'ಅಕ್ಕಿ 4' ಅಂತ ಬರೆದಿದೆ. ಸೀದಾ ಅಂಗಿ ಜೇಬಿಗೆ ಹಾಕಿಕೊಂಡರು.

"ಇನ್ನು ಎರಡೇ ಮೂಟೆ ಉಂಟು. ರಟ್ಟು ಜೇಬಿಗೆ ಬಂತಂದ್ರೆ ಇವತ್ತೇ ಕಾಸರಗೋಡಿಗೆ ಫೋನ್ ಮಾಡ್ಬೇಕು."

ಇದು ಕಾನ್‌ಬಾನ್ ಅಲ್ವಾ! ಟೊಯೋಟಾದ ತೈಚಿ ಓನೊ ಕಾರ್ಖಾನೆಗೆ ತಂದ ಚೀಟಿ ಪದ್ಧತಿ. ಅವರಿಗೆ ದಾರಿ ತೋರಿಸಿದ್ದೂ ಅಂಗಡಿಯೇ, ಅಮೆರಿಕದ ಸೂಪರ್‌ಮಾರ್ಕೆಟ್. ಗಿರಾಕಿ ಒಯ್ದಷ್ಟನ್ನೇ ಮತ್ತೆ ತುಂಬುವುದು. ಅಂದಾಜಿಗೆ ರಾಶಿ ಹಾಕುವುದಲ್ಲ.

ನಾನು ಮೊದಲು ಕೆಲಸಕ್ಕಿದ್ದ ಗೋದಾಮಿನಲ್ಲಿ ಕಂಪ್ಯೂಟರ್ ಇತ್ತು. ಆದರೂ ಒಂದು ವರ್ಷ, ಅವಧಿ ಮೀರಿದ ಹಿಟ್ಟಿನ ಪೊಟ್ಟಣಗಳನ್ನು ಗುಂಡಿ ತೋಡಿ ಹೂತೆವು. ಯಾರೋ ಬೆಳೆದದ್ದು, ಯಾರೋ ಬೀಸಿದ್ದು. ಈಗಲೂ ನೆನೆದರೆ ಹೊಟ್ಟೆ ಉರಿಯುತ್ತದೆ.

ವ್ಯರ್ಥ ಆಗದಂತೆ ಕೆಲಸ ನಡೆಸುವ ಈ ಟೊಯೋಟಾ ರೀತಿಗೆ 'ಲೀನ್' ಅನ್ನುತ್ತಾರೆ. ಲೀನ್ ಅಂದರೆ ಸುಮ್ನೆ ಸ್ಟಾಕ್ ಇಳಿಸುವುದು ಎಂದುಕೊಂಡವರೇ ಜಾಸ್ತಿ. ಆ ಎರಡು ಮೂಟೆಗಳನ್ನು ನೋಡಬೇಕು ಅವರು. ಗಾಡಿ ಬರುವ ತನಕ ಅಂಗಡಿ ನಡೆಯುವುದು ಅದರಲ್ಲೇ. ಜೂನ್‌ನಲ್ಲಿ ಮಳೆಗೆ ಗಾಡಿ ತಡವಾಗುತ್ತದೆ. ಆಗ ರಟ್ಟನ್ನು ಮೂರನೇ ಮೂಟೆಯ ಮೇಲೆ ಇಡುತ್ತಾರಂತೆ.